ಸುಳ್ಳು ರಜಾ ಚೀಟಿಯಿಂದ ಇಂಗ್ಲಿಷ್ ಕಲಿಸಿದ ಮೇಷ್ಟ್ರು

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 5 ಹತ್ತಿರ ಬಂತೆಂದರೆ ಪತ್ರಿಕೆಗಳ ತುಂಬ ಗುರುಸ್ಮರಣೆ. ಅದರಲ್ಲಿ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರ ಚಿತ್ರ ಹೆಚ್ಚುಕಡಿಮೆ ಒಂದೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬೆತ್ತ, ಬಾಯಲ್ಲಿ ಷೇಕ್ಸ್‌ಪಿಯರ್, ಮೇಲೆ ಶಿಸ್ತು, ಒಳಗೆ ಬೆಣ್ಣೆಯಂಥ ಮನಸ್ಸು. ಆ ಪುಣ್ಯಾತ್ಮರು ತರಗತಿಗೆ ಬಂದು ಮೊದಲು ಏನು ಮಾಡುತ್ತಿದ್ದರು, ಬೋರ್ಡಿನ ಮೇಲೆ ಏನು ಬರೆಯುತ್ತಿದ್ದರು, ಐವತ್ತು ಪುಸ್ತಕ ಹೇಗೆ ತಿದ್ದುತ್ತಿದ್ದರು, ಹಿಂದಿನ ಬೆಂಚಿನವನ ಬಾಯಿಂದ ಮೊದಲ ಇಂಗ್ಲಿಷ್ ವಾಕ್ಯ ಹೇಗೆ ಹೊರಡಿಸಿದರು ಎನ್ನುವುದು ಎಲ್ಲೂ ಬರುವುದಿಲ್ಲ. ಮೇಷ್ಟ್ರು ಹೋದರು, ಅವರ ಜೊತೆ ಪಾಠವೂ ಹೋಯಿತು. ಉಳಿದದ್ದು ಬಿಳಿ ಅಂಗಿ.

ಹೀಗಾಗದೆ ಪಾಠ ಉಳಿದ ಒಬ್ಬ ಇಂಗ್ಲಿಷ್ ಮೇಷ್ಟ್ರ ಉದಾಹರಣೆ ಅಮೆರಿಕದಲ್ಲಿದೆ. ಹೆಸರು ಫ್ರಾಂಕ್ ಮೆಕೋರ್ಟ್. ನ್ಯೂಯಾರ್ಕ್ ನಗರದ ಸರ್ಕಾರಿ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷದಷ್ಟು ಕಾಲ ಇಂಗ್ಲಿಷ್ ಕಲಿಸಿದವರು. ನಿವೃತ್ತರಾದ ಮೇಲೆ ಬರೆದ ಬಾಲ್ಯದ ಆತ್ಮಕಥೆಗೆ 1997ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದದ್ದರಿಂದ ಜಗತ್ತು ಅವರನ್ನು ಲೇಖಕ ಎಂದು ಗುರುತಿಸುತ್ತದೆ. ಮೇಷ್ಟರಿಗೆ ಹೆಚ್ಚು ಬೇಕಾದದ್ದು ಅವರ ಮೂರನೆಯ ಪುಸ್ತಕ, 2005ರಲ್ಲಿ ಬಂದ ‘ಟೀಚರ್ ಮ್ಯಾನ್’. ತರಗತಿಯಲ್ಲಿ ಯಾವ ದಿನ ಏನು ಮಾಡಿದರು, ಯಾವುದು ಕೆಟ್ಟಿತು, ಯಾವುದು ಗೆದ್ದಿತು ಎಂಬುದನ್ನು ಅದರಲ್ಲಿ ಬಿಚ್ಚಿಟ್ಟಿದ್ದಾರೆ. ಗ್ರಾಮೀಣ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ನಮ್ಮಂಥವರಿಗೆ ಅದರಿಂದ ಸಿಗುವುದು ಬಹಳ. ಹಾಗಾಗಿ ಈ ದೀರ್ಘ ಪತ್ರ. ಸ್ಥಳಾಭಾವವೆಂದು ಕತ್ತರಿಸುವುದಾದರೆ ಅವರ ಜೀವನಚರಿತ್ರೆ ಕತ್ತರಿಸಿ, ಪಾಠಗಳನ್ನು ಬಿಡಿ.

ಜೀವನಚರಿತ್ರೆ ಇಷ್ಟು. ಹುಟ್ಟಿದ್ದು 1930ರ ಆಗಸ್ಟ್ 19ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆತಾಯಿ ಐರ್ಲೆಂಡಿನವರು. ಆರ್ಥಿಕ ಕುಸಿತದ ಕಾಲದಲ್ಲಿ ಕುಟುಂಬ ಐರ್ಲೆಂಡಿಗೆ ಮರಳಿ ಲಿಮರಿಕ್ ಊರಿನ ಗಲ್ಲಿಗಳಲ್ಲಿ ನೆಲೆಸಿತು. ತಂದೆ ಕುಡುಕ, ಮನೆಯಲ್ಲಿ ಹಸಿವು. ಒಡಹುಟ್ಟಿದವರಲ್ಲಿ ಮೂವರು ಎಳವೆಯಲ್ಲೇ ತೀರಿಕೊಂಡರು. ಹದಿಹರೆಯಕ್ಕೆ ಕಾಲಿಡುವಾಗಲೇ ಶಾಲೆ ಬಿಟ್ಟು, ಮುಂದೆ ತಂತಿ (ಟೆಲಿಗ್ರಾಂ) ಹಂಚುವ ಹುಡುಗನಾದರು. 1949ರಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದು ಹೋಟೆಲ್ಲೊಂದರಲ್ಲಿ ಕಸ ಗುಡಿಸಿದರು. ಕೊರಿಯಾ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಗೆ ಸೇರಬೇಕಾಯಿತು, ಕಳಿಸಿದ್ದು ಮಾತ್ರ ಜರ್ಮನಿಗೆ. ಮಾಜಿ ಸೈನಿಕರಿಗೆ ಸರ್ಕಾರ ಕೊಡುತ್ತಿದ್ದ ಓದಿನ ಹಣ ಸಿಕ್ಕಿತು. ಹೈಸ್ಕೂಲಿನ ಸರ್ಟಿಫಿಕೇಟೇ ಇಲ್ಲದ ಈ ಮನುಷ್ಯ, ತಾನು ಓದಿಕೊಂಡ ಪುಸ್ತಕಗಳ ಬಲದ ಮೇಲೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸೀಟು ಕೇಳಿ ಪಡೆದು 1957ರಲ್ಲಿ ಪದವಿ ಮುಗಿಸಿದರು. ಹೈಸ್ಕೂಲಿಗೆ ಕಾಲಿಟ್ಟದ್ದೇ ಮೇಷ್ಟ್ರಾಗಿ.

1958ರಲ್ಲಿ ಸ್ಟೇಟನ್ ಐಲೆಂಡಿನ ಮೆಕೀ ವೃತ್ತಿಶಿಕ್ಷಣ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿದಾಗ ವಯಸ್ಸು 27. ಅಲ್ಲಿನ ಮಕ್ಕಳು ಮುಂದೆ ಪ್ಲಂಬರ್, ಮೆಕ್ಯಾನಿಕ್, ಬ್ಯೂಟಿ ಪಾರ್ಲರ್ ಕೆಲಸಕ್ಕೆ ಹೋಗುವವರು. ಇಂಗ್ಲಿಷ್ ಪಾಠ ಅವರಿಗೆ ಬೇಡದ ಹೊರೆ. ಮೊದಲ ದಿನವೇ ಒಬ್ಬ ಹುಡುಗ ತನ್ನ ಬುತ್ತಿಯ ಸ್ಯಾಂಡ್‌ವಿಚ್ ಎಸೆದ. ಅದು ಬಂದು ಬಿದ್ದದ್ದು ಮೇಷ್ಟ್ರ ಮುಂದೆ. ಬೈಯಬಹುದಿತ್ತು, ಹೊರಗೆ ನಿಲ್ಲಿಸಬಹುದಿತ್ತು, ಹೆಡ್‌ಮಾಸ್ತರ ಹತ್ತಿರ ಕಳಿಸಬಹುದಿತ್ತು. ಬಿ.ಎಡ್. ಪುಸ್ತಕಗಳಲ್ಲಿ ಇರುವ ದಾರಿಗಳು ಇವೇ. ಮೆಕೋರ್ಟ್ ಬಗ್ಗಿ ಅದನ್ನು ಎತ್ತಿಕೊಂಡು ಪೊಟ್ಟಣ ಬಿಚ್ಚಿ ಮಕ್ಕಳೆದುರೇ ತಿಂದುಬಿಟ್ಟರು. ಮನೆಯ ಬ್ರೆಡ್ಡು, ಮಾಂಸದ ತುಂಡು, ಟೊಮೆಟೊ, ಈರುಳ್ಳಿ, ಮೆಣಸಿನಕಾಯಿ, ಮೇಲೆ ಆಲಿವ್ ಎಣ್ಣೆ. ಹಸಿವು ಕಂಡ ಮನುಷ್ಯನಿಗೆ ಅನ್ನ ಎಸೆಯುವುದು ಸಹಿಸಲಾಗದ ಸಂಗತಿ ಎಂಬುದೂ ಅದರೊಳಗಿತ್ತು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಹೆಡ್‌ಮಾಸ್ತರು ಮಾತ್ರ ಹೊರಗೆ ಕರೆದು, ಬೆಳಗಿನ ಒಂಬತ್ತಕ್ಕೇ ಮಕ್ಕಳ ಮುಂದೆ ಊಟಕ್ಕೆ ಕೂರುವುದು ಯಾವ ಪದ್ಧತಿ ಎಂದು ತರಾಟೆಗೆ ತೆಗೆದುಕೊಂಡರು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಭೇಟಿಯ ದಿನವೇ ತರಗತಿಯಲ್ಲಿ ಏನಾದರೊಂದು ಆಗುವುದು ನ್ಯೂಯಾರ್ಕಿಗೂ ಹೊಸದಲ್ಲ ಅನ್ನಿ.

ಇನ್ನು ರಜಾ ಚೀಟಿ. ಶಾಲೆಗೆ ಬಾರದ ಮಗು ಮರುದಿನ ಪೋಷಕರ ಸಹಿ ಇರುವ ಚೀಟಿ ತರಬೇಕು ಎಂಬುದು ಅಲ್ಲೂ ನಿಯಮ. ಮೆಕೋರ್ಟರ ಮೇಜಿನ ಡ್ರಾಯರಿನಲ್ಲಿ ಅಂಥವು ರಾಶಿ ಬಿದ್ದಿದ್ದವು. ಬಹುಪಾಲು ನಕಲಿ ಎಂದು ಅವರಿಗೆ ಗೊತ್ತಿತ್ತು. ಒಬ್ಬ ಹುಡುಗ ಅಮ್ಮನ ಕೈಬರಹದಂತೆ ಕಾಣಲೆಂದು ಎಡಗೈಯಲ್ಲಿ ಬರೆದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಶಿಕ್ಷೆ ಕೊಡುವ ಬದಲು ಎಲ್ಲವನ್ನೂ ಕೂತು ಓದಿದರು. ಅಜ್ಜಿ ಮೆಟ್ಟಿಲಿಂದ ಬಿದ್ದದ್ದು, ಮನೆಗೆ ಬೆಂಕಿ ಬಿದ್ದದ್ದು, ನಾಯಿ ಹೋಂವರ್ಕ್ ತಿಂದದ್ದು, ಒಂದಕ್ಕಿಂತ ಒಂದು ಚೆಂದ. ಪಠ್ಯದ ಮೇಲೆ 200 ಪದ ಬರೆಯಿರಿ ಎಂದರೆ ನರಳುವ ಅದೇ ಮಕ್ಕಳು ಇಲ್ಲಿ ಕಥೆ ಕಟ್ಟಿದ್ದಾರೆ, ಪಾತ್ರ ತಂದಿದ್ದಾರೆ, ಓದುವವನ ಮನಸ್ಸನ್ನು ಮೊದಲೇ ಅಳೆದಿದ್ದಾರೆ. ಅಸಲಿ ತಾಯಂದಿರು ಬರೆದ ಚೀಟಿಗಳೇ ಸಪ್ಪೆ.

ಹತ್ತು ಹನ್ನೆರಡು ಚೀಟಿಗಳನ್ನು ಹೆಸರು ತೆಗೆದು ಟೈಪ್ ಮಾಡಿ ತರಗತಿಗೆ ಹಂಚಿದರು. ರಜಾ ಚೀಟಿಯನ್ನು ಒಂದು ಬರವಣಿಗೆಯ ಪ್ರಕಾರವೆಂದು ಅಭ್ಯಾಸ ಮಾಡುವ ಮೊಟ್ಟಮೊದಲ ತರಗತಿ ನಿಮ್ಮದು ಎಂದರು. ಯಾರು ಬರೆದದ್ದು ಎಂದು ಕೇಳಲಿಲ್ಲ. ಆಮೇಲೆ, ಮುಂದೆ ನಿಮಗೆ ಹುಟ್ಟುವ ಮಗನಿಗೋ ಮಗಳಿಗೋ ಒಂದು ರಜಾ ಚೀಟಿ ಬರೆಯಿರಿ ಎಂದರು. ಅದು ಸಾಗಿತು. ಅದರ ಮೇಲೆ, ಬೈಬಲ್ಲಿನ ಕಥೆಯಲ್ಲಿ ತಿನ್ನಬಾರದ ಹಣ್ಣು ತಿಂದ ಆದಮ್ ದೇವರಿಗೆ ಬರೆದ ಕ್ಷಮಾಪಣೆಯ ಚೀಟಿ, ಅವನ ಹೆಂಡತಿ ಈವ್ ಬರೆದ ಚೀಟಿ. ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ. ಮುಂದಿನ ದಿನಗಳಲ್ಲಿ ಏಸುವಿಗೆ ದ್ರೋಹ ಬಗೆದ ಯೂದ, ಹೂಣರ ದೊರೆ ಅಟ್ಟಿಲ, ಅಮೆರಿಕದ ಪಾತಕಿ ಅಲ್ ಕಪೋನ್, ಹೀಗೆ ಜಗತ್ತಿನ ಕುಖ್ಯಾತರೆಲ್ಲರ ಪರವಾಗಿ ಚೀಟಿಗಳು ಬಂದವು. ಆ ನಡುವೆ ಹೆಡ್‌ಮಾಸ್ತರು ಮೇಲಧಿಕಾರಿಯನ್ನು ಕರೆದುಕೊಂಡು ಒಳಗೆ ಬಂದರು. ನೌಕರಿ ಹೋಯಿತು ಎಂದುಕೊಂಡರು ಮೆಕೋರ್ಟ್. ಬಂದದ್ದು ಮೆಚ್ಚುಗೆ.

ಇದನ್ನು ನಮ್ಮ 9ನೇ ತರಗತಿಗೆ ತರುವುದು ಕಷ್ಟವಲ್ಲ. ಹಾಗೆಂದು ಎತ್ತಿಕೊಂಡು ಬಂದು ಇಟ್ಟರೆ ನಿಲ್ಲುವುದೂ ಇಲ್ಲ. ಕರ್ನಾಟಕದ ಮಗು ಇಂಗ್ಲಿಷಿನಲ್ಲಿ ಬರೆಯಲು ಕಲಿಯುವ ಮೊದಲ ಪತ್ರವೇ ರಜಾ ಅರ್ಜಿ, ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’. ಐದನೇ ತರಗತಿಯಿಂದ ಎಸ್ಸೆಸ್ಸೆಲ್ಸಿವರೆಗೆ ಆ ಜ್ವರ ಇಳಿಯುವುದೇ ಇಲ್ಲ. ಗೈಡಿನಲ್ಲಿ ಅದೇ, ಬೋರ್ಡಿನಲ್ಲಿ ಅದೇ. ಹೊಟ್ಟೆನೋವು ಬಂದವನೂ ಜ್ವರ ಎಂದೇ ಬರೆಯುತ್ತಾನೆ, ಏಕೆಂದರೆ ಹೊಟ್ಟೆನೋವಿನ ವಾಕ್ಯ ಬಾಯಿಪಾಠವಿಲ್ಲ.

ಐವತ್ತು ಮಕ್ಕಳಿರುವ, 40 ನಿಮಿಷದ ಪೀರಿಯಡ್ಡಿಗೆ ಹೊಂದುವ ಕ್ರಮ ಹೀಗಿದೆ. ಮಕ್ಕಳ ನಿಜವಾದ ಚೀಟಿಗಳನ್ನು ಮುಟ್ಟಬೇಡಿ. ನಮ್ಮೂರುಗಳಲ್ಲಿ ಹೆಸರು ತೆಗೆದರೂ ಯಾರ ಮನೆಯ ಸಂಗತಿ ಎಂದು ಎಲ್ಲರಿಗೂ ತಿಳಿಯುತ್ತದೆ. ಕೆಲವರು ರಾಗಿ ಕೊಯ್ಲಿಗೆ, ಕೂಲಿಗೆ ಹೋಗಿ ತಪ್ಪಿಸಿಕೊಂಡವರು, ಅದು ನಗುವ ವಿಷಯವಲ್ಲ. ಮೇಷ್ಟ್ರೇ ಆರು ಚೀಟಿ ಬರೆದು ತರಲಿ, ಒಂದೊಂದೂ ಮೂರು ನಾಲ್ಕು ವಾಕ್ಯ. ಒಂದು ತೀರಾ ಸಪ್ಪೆ, ಒಂದು ಅತಿರೇಕ, ಒಂದರಲ್ಲಿ ದಿನಾಂಕ ತಪ್ಪು, ಒಂದರಲ್ಲಿ ಹೋದ ತಿಂಗಳು ತೀರಿಕೊಂಡ ಅಜ್ಜಿ ಈ ತಿಂಗಳೂ ತೀರಿಕೊಂಡಿರಲಿ. ಜೋರಾಗಿ ಓದಿ, ಕೇಳಬೇಕಾದ ಪ್ರಶ್ನೆ ಒಂದೇ: ಹೆಡ್‌ಮಾಸ್ತರು ಯಾವುದನ್ನು ನಂಬುತ್ತಾರೆ, ಯಾಕೆ? ಉತ್ತರ ಕನ್ನಡದಲ್ಲೇ ಬರಲಿ. ಹತ್ತು ನಿಮಿಷದೊಳಗೆ ಮಕ್ಕಳೇ ಕಂಡುಕೊಳ್ಳುತ್ತಾರೆ: ‘ಬಸ್ಸು ಬರಲಿಲ್ಲ’ ಎನ್ನುವುದಕ್ಕಿಂತ ‘ಎಂಟೂ ಕಾಲಿನ ಬಸ್ಸು ಗೇಟಿನ ಹತ್ತಿರ ಪಂಕ್ಚರ್ ಆಗಿತ್ತು’ ಎನ್ನುವುದು ನಂಬಿಕೆ ಹುಟ್ಟಿಸುತ್ತದೆ, ಆದರೆ ಪಂಕ್ಚರಿನ ಜೊತೆಗೆ ಮಳೆ, ಹಾವು, ಅಜ್ಜಿ ಮೂರೂ ಬಂದರೆ ಸುಳ್ಳು ಎಂದು ಗೊತ್ತಾಗುತ್ತದೆ. ಬರವಣಿಗೆಯಲ್ಲಿ ವಿವರ ಎಷ್ಟಿರಬೇಕು ಎಂಬ ಪಾಠ ಅಲ್ಲಿಗೆ ಮುಗಿಯಿತು.

ಆಮೇಲೆ ಚೀಟಿ ಯಾರ ಪರವಾಗಿ? ಆದಮ್ ಕಥೆ ಗೊತ್ತಿರುವ ಶಾಲೆಯಲ್ಲಿ ಆದಮ್ ನಡೆಯುತ್ತಾನೆ. ಉಳಿದೆಡೆ ಕಥೆ ಹೇಳುವುದಕ್ಕೇ ಅರ್ಧ ಪೀರಿಯಡ್ ಹೋಗುತ್ತದೆ. ಎಲ್ಲ ಮಕ್ಕಳಿಗೂ ಗೊತ್ತಿರುವವರೇ ಬೇಕು. ಯುದ್ಧಕ್ಕೆ ತಡವಾಗಿ ಎದ್ದ ಕುಂಭಕರ್ಣ ಅಣ್ಣನಿಗೆ, ರಥದಿಂದ ಇಳಿದು ಓಡಿದ ಉತ್ತರಕುಮಾರ ಅಂತಃಪುರದವರಿಗೆ. ಪುಣ್ಯಕೋಟಿ ಹುಲಿಯ ಹತ್ತಿರ ಕೇಳಿದ್ದು ಅಪ್ಪಟ ರಜಾ ಅರ್ಜಿಯೇ: ಕಾರಣ ಇದೆ, ಅವಧಿ ಇದೆ, ಮರಳಿ ಬರುವ ಭರವಸೆ ಇದೆ. ಅದನ್ನೇ ಇಂಗ್ಲಿಷಿಗೆ ತರಲು ಹೇಳಿದರೆ ಹಿಂದಿನ ಬೆಂಚೂ ಏಳುತ್ತದೆ, ಕಥೆ ಗೊತ್ತಿಲ್ಲ ಎಂಬ ನೆಪ ಅಲ್ಲಿ ಯಾರಿಗೂ ಇಲ್ಲ. ಪುರಾಣ ಬೇಡವೆಂದರೆ, ಸ್ಟಾಪಿನಲ್ಲಿ ನಿಲ್ಲಿಸದೆ ಹೋದ ಬಸ್ಸಿನ ಕಂಡಕ್ಟರ್ ಶಾಲಾ ಮಕ್ಕಳಿಗೆ, ಪರೀಕ್ಷೆಯ ಹಿಂದಿನ ರಾತ್ರಿ ಸುಟ್ಟುಹೋದ ಟ್ರಾನ್ಸ್‌ಫಾರ್ಮರ್ ಊರಿಗೆ. ಅದೂ ಚೆನ್ನಾಗಿ ನಡೆಯುತ್ತದೆ.

ಮೊದಲು ಕನ್ನಡದಲ್ಲಿ ಐದು ವಾಕ್ಯ, ಆಮೇಲೆ ಇಂಗ್ಲಿಷ್. ಕನ್ನಡದಲ್ಲಿ ಬರೆಸಿದರೆ ಇಂಗ್ಲಿಷ್ ಬರುವುದಿಲ್ಲ ಎಂದು ಮೇಲಿನವರು ಗದರಿದರೆ ಗದರಲಿ. ಹೇಳಲು ಏನೂ ಇಲ್ಲದವನಿಗೆ ಯಾವ ಭಾಷೆಯೂ ಬರುವುದಿಲ್ಲ. ಬೋರ್ಡಿನ ಒಂದು ಮೂಲೆಯಲ್ಲಿ ನಾಲ್ಕು ಆಸರೆಗಳು ಮಾತ್ರ ಇರಲಿ: ಬಿಕಾಸ್, ಸೋ, ಆಲ್ದೋ, ಮತ್ತು ‘ಹ್ಯಾಡ್’ ಸೇರಿಸುವ ಕ್ರಮ. ರಜಾ ಚೀಟಿಯ ಹಾಗೆ ಪಾಸ್ಟ್ ಪರ್ಫೆಕ್ಟ್ ಕಾಲವನ್ನು ತಾನಾಗಿ ಕೇಳುವ ಬರಹ ಇನ್ನೊಂದಿಲ್ಲ. ನಾನು ಸ್ಟಾಪಿಗೆ ಬರುವಷ್ಟರಲ್ಲಿ ಬಸ್ಸು ಹೋಗಿಬಿಟ್ಟಿತ್ತು, ‘ದ ಬಸ್ ಹ್ಯಾಡ್ ಲೆಫ್ಟ್’. ಮೊದಲು ನಡೆದದ್ದು ಯಾವುದು, ಆಮೇಲೆ ನಡೆದದ್ದು ಯಾವುದು ಎಂಬುದು ತಪ್ಪಿಸಿಕೊಳ್ಳುವವನಿಗೆ ಪ್ರಾಣದಷ್ಟು ಮುಖ್ಯ, ಹಾಗಾಗಿ ವ್ಯಾಕರಣ ತಲೆಗೆ ಹೋಗುತ್ತದೆ.

ಕೆಡುವ ಜಾಗ ಕೆಲವಿವೆ. ಚುರುಕಿನ ನಾಲ್ಕು ಮಕ್ಕಳು ಬರೆದು ಉಳಿದವರು ನಕಲು ಹೊಡೆಯುತ್ತಾರೆ. ಅದಕ್ಕೆ ಬೆಂಚಿಗೊಂದು ಪಾತ್ರ ಕೊಡಬೇಕು. ‘ಫೀವರ್’ ಎಂಬ ಪದವನ್ನೇ ಆ ದಿನ ನಿಷೇಧಿಸಬೇಕು. ಗದ್ದಲ ಆಗುತ್ತದೆ, ಆದ್ದರಿಂದ ಪಕ್ಕದ ತರಗತಿಯ ಗಣಿತದ ಮೇಷ್ಟರಿಗೆ ಮುಂಚೆಯೇ ಒಂದು ಮಾತು ಹೇಳಿಡುವುದು ಕ್ಷೇಮ. ತಿದ್ದುವ ಕೆಲಸವೇ ಎಲ್ಲಕ್ಕಿಂತ ಭಾರ. ಮೆಕೋರ್ಟರಿಗೆ ದಿನಕ್ಕೆ ಐದು ತರಗತಿ, ಹತ್ತಿರ ಹತ್ತಿರ 175 ಮಕ್ಕಳು. ಒಬ್ಬೊಬ್ಬರು 250 ಪದ ಬರೆದರೂ ಓದಬೇಕಾದದ್ದು 43,750 ಪದ, ಅದೂ ರಾತ್ರಿ ಮತ್ತು ಭಾನುವಾರ. ನಮ್ಮಲ್ಲಿ 50 ಪುಸ್ತಕಕ್ಕೆ ತಲಾ ಎರಡು ನಿಮಿಷವೆಂದರೂ 100 ನಿಮಿಷ, ಎರಡೂವರೆ ಪೀರಿಯಡ್. ದಿನಕ್ಕೆ ಹತ್ತು ಪುಸ್ತಕ ಸಾಕು. ಒಂದು ಸಲಕ್ಕೆ ಎರಡು ಬಗೆಯ ತಪ್ಪು ಮಾತ್ರ ಗುರುತಿಸಿ, ಈ ವಾರ ಕಾಲ ಮತ್ತು ‘ಎ, ಆನ್, ದ’, ಮುಂದಿನ ವಾರ ಬೇರೆ. ಪುಟದ ತುಂಬ ಕೆಂಪು ಗೀಟು ಕಂಡ ಮಗು ಮುಂದಿನ ಸಲ ಎರಡೇ ವಾಕ್ಯ ಬರೆಯುತ್ತದೆ, ತಪ್ಪು ಕಡಿಮೆಯಾಗಲಿ ಎಂದು. ಲೆಕ್ಕಾಚಾರದಲ್ಲಿ ಮಗು ನಮಗಿಂತ ಮುಂದು.

ಚೀಟಿಯೊಳಗೆ ಮಾತು ಬಂದಾಗ ಇನ್ನೊಂದು ತಪ್ಪು ಎದ್ದು ಕಾಣುತ್ತದೆ: ‘ಹಿ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೋ’. ಮಗು ದಡ್ಡತನದಿಂದ ಹಾಗೆ ಬರೆದದ್ದಲ್ಲ. ‘ನಾಳೆ ಬರ್ತೀನಿ ಅಂತ ಹೇಳಿದ’ ಎಂದಾಗ ಕನ್ನಡದಲ್ಲಿ ಹೇಳಿದವನ ಮಾತು ಹಾಗೇ ಉಳಿಯುತ್ತದೆ, ‘ಅಂತ’ ಸೇರಿದರೆ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ಅದೇ ವಾಕ್ಯದಲ್ಲಿ ‘ಐ’ ಹೋಗಿ ‘ಹಿ’, ‘ವಿಲ್’ ಹೋಗಿ ‘ವುಡ್’, ‘ಟುಮಾರೋ’ ಹೋಗಿ ‘ದ ನೆಕ್ಸ್ಟ್ ಡೇ’ ಬರಬೇಕು, ‘ಟೋಲ್ಡ್’ ಆದಮೇಲೆ ಯಾರಿಗೆ ಎಂಬುದೂ ಬೇಕು. ನಾಲ್ಕನ್ನೂ ಒಂದೇ ದಿನ ಹೇಳಿದರೆ ಯಾವುದೂ ಉಳಿಯುವುದಿಲ್ಲ. ಮೊದಲು ವ್ಯಕ್ತಿ, ಅದು ಗಟ್ಟಿಯಾದ ಮೇಲೆ ಕಾಲ, ಕೊನೆಗೆ ನಾಳೆ ನಿನ್ನೆ.

ವ್ಯಾಕರಣಕ್ಕೆ ಮೆಕೋರ್ಟ್ ಬಳಸಿದ್ದು ಬಾಲ್‌ಪೆನ್ನು. ಪೆನ್ನು ಬಿಚ್ಚಿ ಒಳಗಿನ ಸ್ಪ್ರಿಂಗ್ ತೆಗೆದರೆ ಏನಾಗುತ್ತದೆ ಎಂದು ಕೇಳಿದರು. ಬರೆಯುವುದಿಲ್ಲ ಎಂದರು ಮಕ್ಕಳು. ಮೆಕ್ಯಾನಿಕ್ ಆಗಲಿರುವ ಹುಡುಗರಿಗೆ ಬಿಡಿಭಾಗದ ಮಾತು ತಕ್ಷಣ ಅರ್ಥವಾಯಿತು. ಹಾಗೇ ವಾಕ್ಯದಿಂದ ಕರ್ತೃವನ್ನೋ ಕ್ರಿಯಾಪದವನ್ನೋ ತೆಗೆದರೆ ವಾಕ್ಯ ನಡೆಯುವುದಿಲ್ಲ ಎಂದರು. ಇದನ್ನು ಇಲ್ಲಿ ಮಾಡಲು ಹೊರಟವರು ಎರಡು ಕಡೆ ಎಡವುತ್ತಾರೆ. ಒಂದು, ನಮ್ಮ ಮಕ್ಕಳ ಕೈಯಲ್ಲಿರುವುದು ಬಹುತೇಕ ಮುಚ್ಚಳದ ಪೆನ್ನು, ಅದರಲ್ಲಿ ಸ್ಪ್ರಿಂಗೇ ಇಲ್ಲ. ಟಿಕ್‌ಟಿಕ್ ಪೆನ್ನು ಐದಾರು ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಕು, ಬಿಚ್ಚಿದಾಗ ಸ್ಪ್ರಿಂಗ್ ಹಾರಿ ಹೋಗುವುದರಿಂದ ಕಾಗದದ ಮೇಲೆ ಬಿಚ್ಚಿಸಬೇಕು. ಎರಡನೆಯದು ದೊಡ್ಡದು: ಕನ್ನಡದ ವಾಕ್ಯ ಸ್ಪ್ರಿಂಗ್ ಇಲ್ಲದೆಯೂ ನಡೆಯುತ್ತದೆ! ‘ನಿನ್ನೆ ಬಂದೆ’ ಎಂದರೆ ‘ನಾನು’ ಬೇಕಿಲ್ಲ, ಕ್ರಿಯಾಪದದಲ್ಲೇ ನಾನು ಇದ್ದೇನೆ. ‘ಅವನು ನನ್ನ ತಮ್ಮ’ ಎಂದರೆ ಕ್ರಿಯಾಪದವೇ ಬೇಕಿಲ್ಲ. ಅದಕ್ಕೇ ನಮ್ಮ ಮಕ್ಕಳು ‘ಕೇಮ್ ಯೆಸ್ಟರ್‌ಡೇ’ ಎಂದೂ ‘ಹಿ ಮೈ ಬ್ರದರ್’ ಎಂದೂ ಬರೆಯುತ್ತಾರೆ. ಕರ್ತೃ ಇಲ್ಲದ ವಾಕ್ಯ ತಪ್ಪು ಎಂದು ಬರಿದೇ ಹೇಳಿದರೆ ಮಗುವಿಗೆ ಅರ್ಥವಾಗುವುದಿಲ್ಲ, ಏಕೆಂದರೆ ಅದರ ಬಾಯಲ್ಲಿ ದಿನವಿಡೀ ಅಂಥ ವಾಕ್ಯಗಳೇ ಸರಿಯಾಗಿ ನಡೆಯುತ್ತಿವೆ. ಎರಡೂ ವಾಕ್ಯಗಳನ್ನು ಬೋರ್ಡಿನಲ್ಲಿ ಅಕ್ಕಪಕ್ಕ ಬರೆದು, ಇಂಗ್ಲಿಷಿನ ಕಡೆ ಖಾಲಿ ಇರುವ ಜಾಗಕ್ಕೆ ಒಂದು ಚೌಕ ಹಾಕಿ, ಅದನ್ನು ತುಂಬದೆ ಮುಂದೆ ಹೋಗಬಾರದು ಎಂಬ ಅಭ್ಯಾಸ ಮಾಡಿಸಬೇಕು. ವಾರದಲ್ಲಿ ಕೈಗೆ ಹತ್ತುತ್ತದೆ.

1970ರ ದಶಕದ ಆರಂಭದಿಂದ ಮೆಕೋರ್ಟ್ ಸ್ಟೈವೆಸೆಂಟ್ ಹೈಸ್ಕೂಲಿನಲ್ಲಿದ್ದರು. ಅದು ಪ್ರವೇಶ ಪರೀಕ್ಷೆ ಬರೆದು ಸೇರುವ ಜಾಣ ಮಕ್ಕಳ ಶಾಲೆ. 1987ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿ ಸೃಜನಶೀಲ ಬರವಣಿಗೆ ಕಲಿಸಿದರು. ಅಲ್ಲಿಯ ಎರಡು ಪಾಠ ಪ್ರಸಿದ್ಧ. ಒಂದು, ನಿನ್ನೆ ರಾತ್ರಿ ಏನು ಉಂಡೆ ಎಂದು ಒಬ್ಬನನ್ನು ಕೇಳಿ ಬಿಡದೆ ಬೆನ್ನು ಹತ್ತುವುದು. ಅಡುಗೆ ಯಾರು ಮಾಡಿದರು? ತಟ್ಟೆ ಯಾರು ಇಟ್ಟರು? ಅಪ್ಪ ಎಲ್ಲಿ ಕೂತರು? ಏನು ಮಾತಾಡಿದಿರಿ? ಪಾತ್ರೆ ಯಾರು ತೊಳೆದರು? ‘ಊಟ ಮಾಡಿದೆ’ ಎಂಬ ಒಂದು ವಾಕ್ಯದ ಹಿಂದೆ ಇಡೀ ಮನೆ ಅಡಗಿದೆ ಎಂದು ಮಕ್ಕಳಿಗೆ ತೋರಿಸುವ ಉಪಾಯ ಇದು.

ಉಪಾಯ ಅದ್ಭುತ, ನಮ್ಮಲ್ಲಿ ಅಪಾಯಕಾರಿಯೂ ಹೌದು. ನಮ್ಮ ತರಗತಿಯಲ್ಲಿ ನಿನ್ನೆ ಏನು ಉಂಡೆ ಎಂಬ ಪ್ರಶ್ನೆಗೆ ಉತ್ತರವೆಂದರೆ ಜಾತಿ ಹೇಳಿದಂತೆ, ಬಡತನ ಹೇಳಿದಂತೆ. ಮಗು ಎದ್ದು ನಿಂತು ಸುಳ್ಳು ಹೇಳುತ್ತದೆ, ಇಲ್ಲವೇ ತಲೆ ತಗ್ಗಿಸುತ್ತದೆ. ಆದ್ದರಿಂದ ಮನೆಯ ಊಟ ಬಿಟ್ಟು ಶಾಲೆಯ ಬಿಸಿಯೂಟ ಹಿಡಿಯಬೇಕು. ಎಲ್ಲರೂ ಉಂಡದ್ದು ಒಂದೇ ಸಾರು. ಇವತ್ತು ಒಲೆ ಹೊತ್ತಿಸಿದ್ದು ಎಷ್ಟು ಗಂಟೆಗೆ? ಹಿರಿಯ ಮಕ್ಕಳಿಗೆ ತಲಾ 150 ಗ್ರಾಂ ಅಕ್ಕಿ ಎಂದರೆ 50 ಮಕ್ಕಳಿಗೆ ಎಷ್ಟು ಕೆ.ಜಿ.? ಏಳೂವರೆ. ಅದನ್ನು ಆರಿಸಿದವರು ಯಾರು, ತೊಳೆದ ನೀರು ಎಲ್ಲಿಗೆ ಹೋಯಿತು, ಗ್ಯಾಸ್ ನಡುವೆ ಮುಗಿದರೆ ಏನು ಮಾಡುತ್ತಾರೆ? ಮಕ್ಕಳು ಐದೈದು ಮಂದಿ ಹೋಗಿ ಅಡುಗೆಯಮ್ಮನನ್ನು ಕನ್ನಡದಲ್ಲಿ ಮಾತಾಡಿಸಿ, ಹಿಂತಿರುಗಿ ಇಂಗ್ಲಿಷಿನಲ್ಲಿ ಆರು ವಾಕ್ಯ ಬರೆಯಲಿ. ಹೋಗುವ ಹೊತ್ತು ಪಾತ್ರೆ ತೊಳೆದಾದ ಮೇಲೆ ಇರಲಿ, ಹನ್ನೆರಡು ಗಂಟೆಗೆ ಹೋದರೆ ಸೌಟು ತೋರಿಸಿ ಓಡಿಸುತ್ತಾರೆ, ಅದು ನ್ಯಾಯ. ಎಸ್ಸೆಸ್ಸೆಲ್ಸಿ ದ್ವಿತೀಯ ಭಾಷೆಯ ಇಂಗ್ಲಿಷ್ ಪತ್ರಿಕೆಯಲ್ಲಿ ವ್ಯಕ್ತಿಪರಿಚಯ ಬರೆಸುವ ಪ್ರಶ್ನೆ ಬರುತ್ತದಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ತಯಾರಿ ಯಾವ ಗೈಡಿನಲ್ಲೂ ಇಲ್ಲ. 80 ಅಂಕದ ಲಿಖಿತ ಪರೀಕ್ಷೆ ಬಿಟ್ಟು ಉಳಿಯುವ 20 ಆಂತರಿಕ ಅಂಕಗಳ ಚಟುವಟಿಕೆಯಾಗಿಯೂ ಇದನ್ನು ದಾಖಲಿಸಿಕೊಳ್ಳಬಹುದು.

ಎರಡನೆಯ ಪಾಠ ಅಡುಗೆ ಪುಸ್ತಕದ್ದು. ಹೊಸ ಪದವೊಂದರ ನೆಪದಲ್ಲಿ ಆರಂಭವಾದ ತಿಂಡಿಯ ಮಾತು, ಮಕ್ಕಳು ಮನೆಮನೆಯ ತಿನಿಸು ತಂದು ಶಾಲೆಯ ಹತ್ತಿರದ ಸ್ಟೈವೆಸೆಂಟ್ ಸ್ಕ್ವೇರ್ ಉದ್ಯಾನದಲ್ಲಿ ಹಂಚಿ ತಿನ್ನುವವರೆಗೆ ಹೋಯಿತು. ಮುಂದೆ ಅಡುಗೆ ಪುಸ್ತಕಗಳನ್ನು ತಂದು ಅಡುಗೆಯ ಕ್ರಮವನ್ನು ಪದ್ಯದಂತೆ ಓದಿದರು, ಸಹಪಾಠಿಗಳು ವಾದ್ಯ ನುಡಿಸಿದರು. ಮೆಕೋರ್ಟರಿಗೇ ಒಳಗೊಳಗೆ ಭಯ: ಇದು ಇಂಗ್ಲಿಷ್ ಪಾಠವೇ, ನಾಳೆ ಯಾವನಾದರೂ ಪೋಷಕ ಬಂದು ಕೇಳಿದರೆ ಏನು ಹೇಳಲಿ ಎಂದು. ಆದರೆ ಇದು ಪಾಠವೇ. ಉಪ್ಪಿಟ್ಟನ್ನೇ ತೆಗೆದುಕೊಳ್ಳಿ. ಒಂದು ಲೋಟ ರವೆ, ಎರಡೂವರೆ ಲೋಟ ನೀರು. ಸಾಸಿವೆ ಸಿಡಿಯುವ ತನಕ ಕಾಯಿ ಎನ್ನುವಲ್ಲಿ ‘ಅಂಟಿಲ್’ ಬರಬೇಕು, ರವೆ ಸುರಿಯುತ್ತಾ ಕೈಯಾಡಿಸು ಎನ್ನುವಲ್ಲಿ ‘ವೈಲ್’ ಬರಬೇಕು, ನೀರು ಕುದಿಯದಿದ್ದರೆ ಗಂಟಾಗುತ್ತದೆ ಎನ್ನುವಲ್ಲಿ ‘ಇಫ್’. ಉಪ್ಪಿಗೆ ‘ಎ ಪಿಂಚ್ ಆಫ್’, ಈರುಳ್ಳಿಗೆ ಎಣಿಕೆ, ರವೆಗೆ ಅಳತೆ: ಎಣಿಸಬಹುದಾದ ಮತ್ತು ಎಣಿಸಲಾಗದ ನಾಮಪದಗಳು ಪಾತ್ರೆಯೊಳಗೇ ಬೇರೆಯಾಗಿ ನಿಲ್ಲುತ್ತವೆ. ತಾಳಕ್ಕೆ ತಮಟೆ ಬಾರಿಸುವ ಹುಡುಗ ಪ್ರತಿ ಶಾಲೆಯಲ್ಲಿ ಒಬ್ಬನಾದರೂ ಇದ್ದೇ ಇರುತ್ತಾನೆ, ಆ ದಿನ ಅವನೇ ರಾಜ. ಮನೆಯಿಂದ ತಿಂಡಿ ತರಿಸುವುದು ಮಾತ್ರ ಬೇಡ, ಯಾರ ಡಬ್ಬಿ ಯಾರು ಮುಟ್ಟಲಿಲ್ಲ ಎಂಬ ಲೆಕ್ಕ ಶುರುವಾಗುತ್ತದೆ.

ಮೆಕೋರ್ಟರನ್ನು ದೇವರು ಮಾಡಬೇಕಿಲ್ಲ. ಪಾಠ ಬಿಟ್ಟು ತಮ್ಮ ಬಾಲ್ಯದ ಕಥೆಗೆ ಜಾರುತ್ತಿದ್ದರು, ಮಕ್ಕಳು ಅದನ್ನು ತಿಳಿದೇ ಕೆಣಕುತ್ತಿದ್ದರು ಎಂದು ಅವರೇ ಬರೆದಿದ್ದಾರೆ. ವರ್ಷಗಟ್ಟಲೆ ತಾನೊಬ್ಬ ಮೋಸಗಾರ ಮೇಷ್ಟ್ರು ಎಂಬ ಅಳುಕು ಅವರಿಗಿತ್ತು. ನಡುವೆ ಡಬ್ಲಿನ್ನಿಗೆ ಹೋಗಿ ಡಾಕ್ಟರೇಟ್ ಮಾಡಲು ಹೊರಟು ಅರ್ಧಕ್ಕೆ ಬಿಟ್ಟರು. ಅವರು ಬಣ್ಣಿಸಿದ ಬಡತನವನ್ನು ಲಿಮರಿಕ್ಕಿನ ಕೆಲವರು ಉತ್ಪ್ರೇಕ್ಷೆ ಎಂದು ಜಗಳ ತೆಗೆದದ್ದೂ ಉಂಟು. ಆದ್ದರಿಂದ ತರಗತಿಯ ಕಥೆಗಳಿಗೂ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು. ಇರಲಿ. ಚೀಟಿಯ ಪಾಠ ಒಗ್ಗರಣೆ ಇಲ್ಲದೆಯೂ ನಡೆಯುತ್ತದೆ. ಮೊದಲ ಪುಸ್ತಕ ‘ಏಂಜೆಲಾಸ್ ಆ್ಯಶಸ್’ ಬಂದದ್ದು 1996ರಲ್ಲಿ, ಅವರಿಗೆ 66 ತುಂಬಿದ ಮೇಲೆ. ಪ್ರತಿದಿನ ಐದು ತರಗತಿ ತೆಗೆದುಕೊಂಡು ಬಂದ ಮನುಷ್ಯನಿಗೆ ಮನೆಯಲ್ಲಿ ಬರೆಯಲು ಶಕ್ತಿ ಉಳಿಯುವುದಿಲ್ಲ, ಇದನ್ನು ಮೇಷ್ಟ್ರುಗಳಿಗೆ ಯಾರೂ ವಿವರಿಸಬೇಕಾಗಿಲ್ಲ. 2009ರ ಜುಲೈ 19ರಂದು ತೀರಿಕೊಂಡರು, ವಯಸ್ಸು 78. ಮರುವರ್ಷ ನ್ಯೂಯಾರ್ಕ್ ನಗರ ಮ್ಯಾನ್‌ಹಟನ್‌ನಲ್ಲಿ ಅವರ ಹೆಸರಿನದೇ ಒಂದು ಸರ್ಕಾರಿ ಹೈಸ್ಕೂಲು ತೆರೆಯಿತು.

ಸಂಪಾದಕರೇ, ಈಗ ನಮ್ಮ ಬೇಡಿಕೆ. ಈ ಸಲದ ಶಿಕ್ಷಕರ ದಿನದ ಪುರವಣಿಗೆ ಓದುಗರಿಂದ ಗುರುಸ್ಮರಣೆ ಕೇಳುವಾಗ, ಮೇಷ್ಟ್ರ ಗುಣಗಾನದ ಬದಲು ಒಂದೇ ಒಂದು ಪಾಠ ಕೇಳಿ. ಯಾವ ತರಗತಿ, ಯಾವ ವಿಷಯ? ಒಳಗೆ ಬಂದು ಮೊದಲು ಏನು ಮಾಡಿದರು? ಬೋರ್ಡಿನಲ್ಲಿ ಏನಿತ್ತು? ಮಕ್ಕಳು ಏನು ಬರೆದರು, ಅವರು ಹೇಗೆ ತಿದ್ದಿದರು? ಬಾರದ ಮಗುವಿಗೆ ಏನು ಮಾಡಿದರು? ‘ಶಿಸ್ತಿನ ಸಿಪಾಯಿ’, ‘ಜ್ಞಾನಭಂಡಾರ’ ಎಂಬ ಪದಗಳಿರುವ ಬರಹ ಪ್ರಕಟಿಸುವುದಿಲ್ಲ ಎಂದು ಮೊದಲೇ ಹೇಳಿಬಿಡಿ, ಅರ್ಧ ಟಪಾಲು ಕಡಿಮೆಯಾಗುತ್ತದೆ. 250 ಪದ ಸಾಕು. ಹಳೆಯ ನೋಟ್‌ಬುಕ್ಕಿನಲ್ಲಿ ಆ ಮೇಷ್ಟ್ರ ಕೆಂಪು ಶಾಯಿಯ ತಿದ್ದುಪಡಿ ಉಳಿದಿದ್ದರೆ ಆ ಪುಟದ ಫೋಟೊ ಕಳಿಸಲಿ, ವಿದ್ಯಾರ್ಥಿಯ ಹೆಸರು ಮತ್ತು ಅಂಕ ಕಾಣದಂತೆ ಮುಚ್ಚಿ. ನೆರಳು ಬೀಳದಂತೆ ಕಿಟಕಿಯ ಬೆಳಕಿನಲ್ಲಿ ತೆಗೆಯಲು ಹೇಳಿ, ಹಳೆಯ ಕೆಂಪು ಶಾಯಿ ಟ್ಯೂಬ್‌ಲೈಟಿನಲ್ಲಿ ಕಾಣುವುದಿಲ್ಲ. ಬಂದದ್ದರಲ್ಲಿ ಹತ್ತು ಒಳ್ಳೆಯ ಪಾಠ ಸಿಕ್ಕರೂ ಅವನ್ನು ಜೂನ್ ತಿಂಗಳಲ್ಲಿ, ಶಾಲೆ ತೆರೆಯುವ ವಾರ ಇನ್ನೊಮ್ಮೆ ಅಚ್ಚು ಮಾಡಿ. ಸೆಪ್ಟೆಂಬರಿನಲ್ಲಿ ಓದಿದ್ದನ್ನು ಆ ವರ್ಷ ಬಳಸಲು ಹೊತ್ತು ಸಿಗುವುದಿಲ್ಲ, ಅಷ್ಟರಲ್ಲಿ ಅರ್ಧವಾರ್ಷಿಕ ಪರೀಕ್ಷೆ ಬಂದಿರುತ್ತದೆ.

ಇಂತಿ,
ಕೆಲವು ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕರು
ತುಮಕೂರು ಜಿಲ್ಲೆ